ಸಂಜೆಗೆ ಸಾಯುವ ತಂತಿ

ಗಲಾತ್ಸಿ, 2003 ಜೂನ್ 2

ನಮ್ಮ ಗುಂಪಿನ ಲೀಕಾನ ಮೂಗು ಒಡೆದಿದೆ. ಬ್ರೆಡ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದವನನ್ನು ನೆಲು ಬುರ್ಲಾಕುವಿನ ಇಬ್ಬರು ಆಳುಗಳು ಎಳೆದೊಯ್ದು ಅವನ ಮುಖವನ್ನು ಗೋಡೆಗೆ ಉಜ್ಜಿದರು. ಆದರೂ ಬ್ರೆಡ್ ಬಿಡದೆ ಹಿಡಿದುಕೊಂಡೇ ನಮ್ಮ ಹತ್ತು ಮಹಡಿಯ ಬ್ಲಾಕಿಗೆ ಬಂದ. ಬ್ರೆಡ್ಡಿನ ತುಂಬ ರಕ್ತ. ನಮ್ಮಪ್ಪ ಅದನ್ನು ತಿರುಗಿಸಿ ನೋಡಿ, "ಮೇಲಿನ ಪದರ ಕೆತ್ತಿದ್ರೆ ತಿನ್ಬಹುದು, ಆ ಕಾಲದಲ್ಲಿ ಇದಕ್ಕಿಂತ ಕೆಟ್ಟದ್ದು ತಿಂದಿದೀವಿ" ಅಂದರು.

ಕಾರಣ ಒಂದು ಕೇಬಲ್. ನಿನ್ನೆ ನಾವು ಅಕೇಶಿಯಾ ಮರಗಳ ಮೇಲಿಂದ ರಸ್ತೆಯಾಚೆಯ ಬ್ಲಾಕಿಗೆ ಎಳೆದದ್ದು. ರಸ್ತೆಯಾಚೆ ಇಂಟರ್ನೆಟ್ ಹಂಚುವ ಹಕ್ಕು ತನ್ನೊಬ್ಬನದು ಎನ್ನುತ್ತಾನೆ ನೆಲು. ಅವನ ಜಾಲದಲ್ಲಿ ಹೆಚ್ಚು ಕೊಟ್ಟವನಿಗೆ ಹೆಚ್ಚು ವೇಗ. ಎದುರು ಮಾತಾಡಿದವನ ತಂತಿಗೆ ಕತ್ತರಿ.

ನಮ್ಮದು ಕೊಮುನಾ, ಎಲ್ಲರೂ ಸೇರಿ ನಡೆಸುವ ಜಾಲ. ಹೆಸರಿಟ್ಟವಳು ನಾನು. ಕಂಪನಿಯಿಂದ ಬರುವ ಸಂಪರ್ಕ ಒಂದೇ. ಅದು ಹತ್ತನೇ ಮಹಡಿಯ ಅಗ್ಲಾಯಾ ಅತ್ತೆಯ ಮನೆಯಲ್ಲಿ ಮೋಡೆಮ್ ಸೇರುತ್ತದೆ. ಅಲ್ಲಿಂದ ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಇಳಿಬಿಟ್ಟ ಕೇಬಲ್ಲುಗಳು ಮನೆಮನೆಗೆ ಹೋಗುತ್ತವೆ. ಎಲ್ಲರಿಗೂ ಸಮಪಾಲು. ಇಲ್ಲಿ ಯಾರನ್ನೂ ಕತ್ತರಿಸುವುದಿಲ್ಲ. ಜಾಗ ಕೊಟ್ಟದ್ದಕ್ಕೆ ಅತ್ತೆಗೆ ಸಿಕ್ಕಿರುವುದೆಂದರೆ ಭಾನುವಾರ ಇಟಲಿಯಲ್ಲಿರುವ ಮಗಳ ಮುಖ ಪರದೆಯ ಮೇಲೆ ನೋಡುವುದು.

ಹೆಸರು ಕೇಳಿದ ದಿನ ಅಪ್ಪ ನಕ್ಕಿದ್ದರು. "ಈ ಹೆಸರಿನವರ, ಆ ಕಮ್ಯುನಿಸ್ಟರ ಕೈಕೆಳಗೆ ನಾನು ಅರ್ಧ ಆಯಸ್ಸು ಕಳ್ದೆ ಕಣೇ ಇಲಿಂಕಾ. ಮೊಟ್ಟೆಗೂ ಸಾಲು ನಿಲ್ಲಿಸ್ತಿದ್ರು." ಉಕ್ಕಿನ ಕಾರ್ಖಾನೆ ಅವರನ್ನು ಮನೆಗೆ ಕಳಿಸಿದ ಮೇಲೆ ಅವರಿಗೆ ಎಲ್ಲವೂ ತಮಾಷೆ.

ಸಂಜೆ ಮೆಟ್ಟಿಲ ಬುಡದಲ್ಲಿ ಸಭೆ. ನಾನು ಒಂದು ನಿರ್ಣಯ ಮಂಡಿಸಿದೆ. ಮೋಡೆಮ್ ನೋಡಿಕೊಳ್ಳುವ ಕೆಲಸ ಈವರೆಗೆ ದೋರು ಒಬ್ಬನದೇ ಆಗಿತ್ತು. ಇನ್ನು ಮುಂದೆ ಅದು ಸರದಿಯಲ್ಲಿ ಎಲ್ಲ ಮನೆಗಳದ್ದೂ ಆಗಬೇಕು. ನಾನು ಸದಾ ಜೊತೆಗಿಟ್ಟುಕೊಳ್ಳುವ ಕಿತ್ತಳೆ ಬಣ್ಣದ ಕ್ರಾಂತಿಯ ಕರಪತ್ರದಲ್ಲಿ ಇದೆ: ಇಂದಿನ ಪರಿಣತ, ನಾಳಿನ ದೊರೆ. ಮೊದಲ ಕೇಬಲ್ಲನ್ನು ನನ್ನ ಜೊತೆ ಚಾವಣಿಯ ಮೇಲೆ ಎಳೆದವನೇ ದೋರು. ಅವನ ಮೇಲೆ ನನಗೆ ಸಂಶಯವಿಲ್ಲ, ಆದರೆ ತತ್ವ ತತ್ವವೇ. ಎಲ್ಲರಿಗಿಂತ ಮೊದಲು ಕೈಯೆತ್ತಿದವನೂ ಅವನೇ. "ಬದುಕ್ಕೊಂಡೆ. ಅತ್ತೆ ಮನೆಗೆ ಹೋದ್ರೆ ಮೂರು ತರ ಜಾಮ್ ತಿನ್ನಿಸದೆ ಬಿಡಲ್ಲ" ಅಂದ.

ಜೂನ್ 9

ಲಿಫ್ಟಿನಲ್ಲಿ ಅಂಟಿಸಲು ನನ್ನದೇ ಒಂದು ಕರಪತ್ರ ಬರೆದೆ. ಜನಕ್ಕೆ ವೇಗ ಅಂದರೇನೆಂದೇ ಗೊತ್ತಿಲ್ಲ. ಅಜ್ಞಾನವೇ ನೆಲುವಿನ ಬಂಡವಾಳ. ಕಂಪನಿ ಒಂದು ಸಾವಿರ ಅನ್ನುತ್ತದೆ, ಪರದೆ ನೂರ ಇಪ್ಪತ್ತೈದು ತೋರಿಸುತ್ತದೆ, ಜನ ಕಳ್ಳತನವಾಯಿತು ಎಂದು ಕೂಗುತ್ತಾರೆ. ಕಳ್ಳತನವಲ್ಲ, ಅಳತೆ ಬೇರೆ. ಕಂಪನಿ ಬಿಟ್ಟುಗಳಲ್ಲಿ ಎಣಿಸುತ್ತದೆ, ಪರದೆ ಬೈಟುಗಳಲ್ಲಿ. ಎಂಟು ಬಿಟ್ಟು ಸೇರಿದರೆ ಒಂದು ಬೈಟು. ಇನ್ನೊಂದು: ಹೊರಗಿನಿಂದ ನಮ್ಮ ಕಡೆಗೆ ಇಳಿಯುವ ದಾರಿ ಅಗಲ, ನಮ್ಮಿಂದ ಹೊರಗೆ ಏರುವ ದಾರಿ ಸಂದಿ. ಒಬ್ಬ ತನ್ನ ಸಿನಿಮಾಗಳನ್ನೆಲ್ಲ ಊರಿಗೆ ಕಳಿಸುತ್ತ ಕೂತರೆ ಆ ಸಂದಿ ಕಟ್ಟಿಕೊಂಡು, ಪಕ್ಕದ ಮನೆಯವಳಿಗೆ ಒಂದು ಪತ್ರವೂ ತೆರೆಯುವುದಿಲ್ಲ. ನಲ್ಲಿ ಒಂದು, ಬಾಯಾರಿದವರು ನೂರು.

ಮೋಡೆಮಿನ ಆರೈಕೆಯ ಬಗ್ಗೆಯೂ ಒಂದು ಸಾಲು ಸೇರಿಸು ಅಂದ ದೋರು. ಧೂಳು ಒರೆಸಬೇಕು, ಗಾಳಿಯಾಡುವ ಕಡೆ ಇಡಬೇಕು, ಹೀಗೆ. ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ. ಕೊನೆಯ ಸಾಲನ್ನು ಘೋಷಣೆಗೆ ಇಟ್ಟಿದ್ದೆ.

ಜೂನ್ 19

ಮೂರು ಸಂಜೆಗಳಿಂದ ತಂತಿ ಸಾಯುತ್ತಿದೆ. ಹಗಲಿಡೀ ಸರಿ. ಕತ್ತಲಾಗುತ್ತಿದ್ದಂತೆ ವೇಗ ಇಳಿಯುತ್ತ ಇಳಿಯುತ್ತ ನಿಲ್ಲುತ್ತದೆ, ಮತ್ತೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಜನ ಮನೆಯಲ್ಲಿರುವ ಹೊತ್ತಿಗೇ. ಇಂಥದ್ದು ತಾನಾಗಿ ಆಗುವುದಿಲ್ಲ, ಇದರ ಹಿಂದೆ ಒಂದು ಕೈ ಇದೆ.

ದೋರುಗೆ ಈಗ ಹಡಗುಕಟ್ಟೆಯಲ್ಲಿ ಎರಡನೇ ಪಾಳಿ. ಕೆಲಸಕ್ಕೆ ಹೊರಟವನು ಮೆಟ್ಟಿಲಲ್ಲಿ ಸಿಕ್ಕು, "ಮೊದಲು ಮೇಲೆ ಹೋಗಿ ಮೋಡೆಮ್ ನೋಡ್ರಿ. ಸರದಿ ಯಾರದು?" ಅಂದ. ಸರದಿ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದೆ: ಶತ್ರು ಬಾಗಿಲಲ್ಲಿರುವಾಗ ನಿನ್ನ ಮನೆಯ ಕಸ ಗುಡಿಸು ಅನ್ನುವವನು ಯಾರ ಪಕ್ಷ? ಅವನು ನಕ್ಕು ಹೋದ. ಆ ನಗು ನನಗೆ ಹಿಡಿಸಲಿಲ್ಲ.

ಜೂನ್ 27

ಚಾವಣಿಯ ಮೇಲೆ ಕೇಬಲ್ಲುಗಳನ್ನು ತಡವುತ್ತ ಹೋದ ಲೀಕಾನ ಅಂಗೈ ಸೀಳಿತು. ಕೇಬಲ್ಲಿನ ಸಿಪ್ಪೆಯೊಳಗೆ ಯಾರೋ ಬ್ಲೇಡುಗಳನ್ನು ತುರುಕಿದ್ದರು, ಬಿಚ್ಚಲು ಬಂದವರ ಬೆರಳು ಕತ್ತರಿಸಲೆಂದೇ. ಬಿಸಿಲಿಗೆ ಕಾದ ಚಾವಣಿಯ ಡಾಂಬರಿನ ಮೇಲೆ ರಕ್ತ ಬಿದ್ದ ಕೂಡಲೇ ಕಪ್ಪಾಯಿತು.

ನಾವು ಕಾದೆವು. ನೆಲುವಿನ ಆಳೊಬ್ಬ ಹೆಗಲಿಗೆ ಕೇಬಲ್ ಸುತ್ತು ಹಾಕಿಕೊಂಡು ಕಬ್ಬಿಣದ ಏಣಿ ಹತ್ತಿ ಬಂದ. ಲೀಕಾ ಬ್ಯಾಂಡೇಜಿನ ಕೈಯಲ್ಲೇ ಅವನ ಬಾಯಿಗೆ ಗುದ್ದಿದ. ಆ ಮನುಷ್ಯ ಬಿದ್ದು, ಚಾವಣಿಯ ಅಂಚಿನ ಗಿಡ್ಡ ಗೋಡೆ ಹಿಡಿದುಕೊಂಡ. ಲೀಕಾ ಅವನ ಬೆರಳುಗಳ ಮೇಲೆ ಬೂಟು ಇಟ್ಟು ನನ್ನ ಕಡೆ ನೋಡಿದ. ಸಾಕು ಅಂದೆ, ಅವನು ಕಾಲು ತೆಗೆದ. ಕೂಡಲೇ ಅಂದೆನೋ, ಸ್ವಲ್ಪ ತಡೆದೆನೋ, ಈಗ ನೆನಪಿಲ್ಲ.

ಕೆಳಗೆ ಬಂದ ಮೇಲೆ ತಲೆಯನ್ನು ನಲ್ಲಿಯ ಕೆಳಗೆ ಒಡ್ಡಿ ಬಹಳ ಹೊತ್ತು ನಿಂತೆ. ಬಿಸಿಲಿಗಿರಬೇಕು.

ಜುಲೈ 5

ಲೀಕಾನಿಗೆ ಒಂದು ಉಪಾಯ ಗೊತ್ತಿದೆ. ನೆಲುವಿನ ಕೇಬಲ್ಲಿನ ತುದಿ ಸುಲಿದು ಅದಕ್ಕೆ ಗೋಡೆಯ ಪ್ಲಗ್ಗಿನಿಂದ ಮನೆಯ ವಿದ್ಯುತ್ತನ್ನೇ ಬಿಡುವುದು. ಆ ಜಾಲದಲ್ಲಿ ಎಷ್ಟು ಕಂಪ್ಯೂಟರುಗಳಿವೆಯೋ ಅಷ್ಟೂ ಒಮ್ಮೆಗೇ ಸುಡುತ್ತವೆ. ಕೆಲವು ಬಡಾವಣೆಗಳಲ್ಲಿ ಇದನ್ನು ಮಾಡಿದ್ದಾರಂತೆ.

ಜಾಲ ಬಳಸುವವರು ನಮ್ಮ ಶತ್ರುಗಳಲ್ಲ, ಅವರೂ ನಮ್ಮಂಥವರೇ ಎಂದು ದೋರು ವಾದಿಸಿದ. ನನಗೂ ಹಾಗೇ ಅನಿಸಿತ್ತು. ಆದರೆ ದೊರೆಯ ರೊಟ್ಟಿ ತಿನ್ನುವವನು ದೊರೆಯ ಕೋಟೆಯ ಒಂದು ಇಟ್ಟಿಗೆ, ಅದೂ ಕರಪತ್ರದಲ್ಲಿದೆ. ಸಭೆ ಕರೆಯಲು ಸಮಯವಿರಲಿಲ್ಲ. ಪ್ಲಗ್ ಹಾಕಿದ್ದು ನಾನೇ, ಬೇರೆಯವರ ಮೇಲೆ ಹೊರಿಸಬಾರದೆಂದು.

ರಸ್ತೆಯಾಚೆ ಕಿಟಕಿಗಳಲ್ಲಿ ಒಂದಾದಮೇಲೊಂದು ಬೆಳಕು ಹೋಯಿತು. ಒಂದರಲ್ಲಿ ಮಾತ್ರ ಬೆಳಕು ಹೆಚ್ಚಾಯಿತು. ಕಿಟಕಿಯ ಪರದೆಗೆ ಬೆಂಕಿ ಹತ್ತಿತ್ತು. ಮುದುಕರೊಬ್ಬರು ಬರಿಗೈಯಲ್ಲೇ ಅದನ್ನು ಎಳೆದು ಬಾಲ್ಕನಿಯಿಂದ ಕೆಳಗೆ ಎಸೆದರು. ಅವರ ಎರಡು ಕೈಗಳೂ ಸುಟ್ಟಿವೆ. ಪೊಲೀಸರು ಬಂದು ಎರಡೂ ಕಡೆಯವರಿಗೆ ಬೈದು, ಕಾಫಿ ಕುಡಿದು ಹೋದರು.

ಸಂಜೆ ನಮ್ಮ ತಂತಿ ಮತ್ತೆ ಸತ್ತಿತು. ನೆಲು ನಾನು ಎಣಿಸಿದ್ದಕ್ಕಿಂತ ಬಲಶಾಲಿ ಎಂಬುದಕ್ಕೆ ಇದೇ ಸಾಕ್ಷಿ.

ಜುಲೈ 12

ಇನ್ನೊಮ್ಮೆ ಅದೇ ಮಾತು ದೋರುವಿನದು. ಈಗ ನಗುತ್ತಿಲ್ಲ.

"ನೆಲು ಜಾಲ ಸುಟ್ಟು ವಾರ ಆಯ್ತು ಇಲಿಂಕಾ. ಅವನ ಹತ್ರ ಈಗ ಒಂದು ಬಲ್ಬ್ ಹೊತ್ತಿಸೋ ಶಕ್ತಿ ಇಲ್ಲ. ನಮ್ಮ ತಂತಿ ಹೆಂಗೆ ಸಾಯ್ತಿದೆ ಹೇಳು."

"ಒಳಗಿನವರು ಯಾರೋ ಸಹಾಯ ಮಾಡ್ತಿರಬೇಕು."

"ನಾನೇ ಹೋಗಿ ಮೋಡೆಮ್ ನೋಡ್ತೀನಿ, ಬಿಡು."

"ನಿನ್ನ ಸರದಿ ಅಲ್ಲ."

ಅವನು ಬುತ್ತಿ ಚೀಲ ಹೆಗಲಿಗೇರಿಸಿ ಪಾಳಿಗೆ ಹೊರಟ. ಚಿಕ್ಕವರಿದ್ದಾಗ ಡ್ಯಾನ್ಯೂಬ್ ನದಿಯಲ್ಲಿ ನಾನು ಮುಳುಗುತ್ತಿದ್ದಾಗ ಜಡೆ ಹಿಡಿದು ಎಳೆದವನು. ಅದನ್ನು ಇಲ್ಲಿ ಯಾಕೆ ಬರೆದೆನೋ.

ಜುಲೈ 16

ದೋರು ಬಿಯರ್ ಅಂಗಡಿಯಲ್ಲಿ ನೆಲುವಿನ ಎದುರು ಕೂತಿದ್ದನ್ನು ಲೀಕಾ ನೋಡಿದ. ಇಬ್ಬರ ಮುಂದೆಯೂ ಸೂರ್ಯಕಾಂತಿ ಬೀಜ. ಬೀಜ ಬಿಡಿಸುತ್ತ ಮಾತಾಡುತ್ತಿದ್ದರಂತೆ. ದೋರುವನ್ನು ಕೇಳಿದರೆ, ಇನ್ನು ಯಾರೂ ಕೇಬಲ್ಲಿಗೆ ವಿದ್ಯುತ್ ಬಿಡಬಾರದೆಂದು ಮಾತಾಡಲು ಹೋಗಿದ್ದೆ, ನೆಲು ಒಪ್ಪಿದ್ದಾನೆ, ನೀವೂ ಒಪ್ಪಿ ಅಂದ.

ನಮ್ಮ ಪರವಾಗಿ ಮಾತಾಡಲು ಅವನಿಗೆ ಅಧಿಕಾರ ಕೊಟ್ಟವರು ಯಾರು?

ಜುಲೈ 18

ನೆಲಮಾಳಿಗೆಯಲ್ಲಿ ವಿಚಾರಣೆ. ನಾನು, ಲೀಕಾ, ಅವನ ಜೊತೆ ಇಬ್ಬರು. ಚಳಿಗಾಲಕ್ಕೆಂದು ಎಲೆಕೋಸು ಉಪ್ಪುನೀರಿನಲ್ಲಿ ಹುಳಿಯಾಗಲು ಇಡುವ ಪೀಪಾಯಿಗಳ ನಡುವೆ ದೋರುವನ್ನು ನಿಲ್ಲಿಸಿದರು. ಹುಳಿ ವಾಸನೆ. ಬಲ್ಬ್ ಇರಲಿಲ್ಲ, ಬ್ಯಾಟರಿ ನಾನು ಹಿಡಿದಿದ್ದೆ.

ಒಪ್ಪಿಕೋ ಅಂದೆ. ಏನನ್ನು ಅಂತ ಕೇಳಿದ. ನಮ್ಮ ತಂತಿಯನ್ನು ನೆಲುವಿಗೆ ಮಾರಿದ್ದನ್ನು ಅಂದೆ. "ನಿಂಗೆ ಹುಚ್ಚು ಹಿಡಿದಿದೆ ಕಣೇ" ಅಂದ. ಲೀಕಾ ಹೊಟ್ಟೆಗೆ ಹೊಡೆದ. ದೋರು ಬಗ್ಗಿದ, ಮತ್ತೆ ನೆಟ್ಟಗಾದ, "ಮೇಲೆ ಹೋಗಿ ಮೋಡೆಮ್ ಮುಟ್ಟಿ ನೋಡ್ರೋ, ಕೈ ಇಟ್ಟು ನೋಡ್ರೋ" ಅಂದ. ಇನ್ನೊಬ್ಬ ನೀರಿನ ಪೈಪಿನ ತುಂಡು ಬೀಸಿದ. ಅದು ತಲೆಗೆಂದು ಬೀಸಿದ್ದಲ್ಲ. ದೋರು ಅದೇ ಗಳಿಗೆಯಲ್ಲಿ ಮುಖ ತಿರುಗಿಸಿದ. ಒದ್ದೆಯಾದದ್ದೇನೋ ಒಡೆದ ಸದ್ದು. ಅವನು ಎರಡು ಕೈಗಳಿಂದಲೂ ಎಡಗಣ್ಣು ಮುಚ್ಚಿಕೊಂಡು ಪೀಪಾಯಿಗೆ ಒರಗಿ ಕೂತ. ಬೆರಳುಗಳ ಸಂದಿಯಿಂದ ಬಂದದ್ದು ಬರಿಯ ರಕ್ತವಾಗಿರಲಿಲ್ಲ.

ನಾನು ಹೊಡೆಯಲಿಲ್ಲ. ಬೆಳಕು ಕೂಡ ಅಲುಗಿಸಲಿಲ್ಲ.

ಆಂಬುಲೆನ್ಸಿನವರಿಗೆ ಅವನು ಮೆಟ್ಟಿಲಿಂದ ಬಿದ್ದೆ ಎಂದೇ ಹೇಳಿದನಂತೆ. ತಪ್ಪಿತಸ್ಥನಲ್ಲದಿದ್ದರೆ ಯಾಕೆ ಹಾಗೆ ಹೇಳುತ್ತಿದ್ದ? ಅವನನ್ನು ಕೊಮುನಾದಿಂದ ಹೊರಹಾಕಿದ್ದೇವೆ. ನಾಲ್ಕು ಕೈಗಳೂ ಮೇಲೆ.

ಜುಲೈ 20

ಬರೆಯಲು ಏನೂ ಇಲ್ಲ. ಸಂಜೆ ತಂತಿ ಇರಲಿಲ್ಲ.

ಆಗಸ್ಟ್ 2

ನಿನ್ನೆ ಸಂಜೆಯಿಂದ ತಂತಿ ಪೂರ್ತಿ ಸತ್ತಿದೆ. ಬೆಳಿಗ್ಗೆಯೂ ಏಳಲಿಲ್ಲ. ಆ ಪೈಪಿನ ತುಂಡು ಎಲ್ಲಿ ಎಂದು ಲೀಕಾ ಕೇಳಿದ. ಕಂಪನಿಯ ಸಂಪರ್ಕ ಮೋಡೆಮ್ ತನಕ ಸರಿಯಾಗಿ ಬರುತ್ತಿದೆ ಎಂಬುದು ಖಚಿತವಾದರೆ, ಕೆಳಗಿನ ಕೇಬಲ್ಲುಗಳನ್ನು ಯಾರೋ ಕೆಡಿಸಿದ್ದಾರೆ ಎಂಬುದಕ್ಕೆ ಅಲ್ಲಗಳೆಯಲಾಗದ ಪುರಾವೆ ಸಿಕ್ಕಂತೆ. ಅದಕ್ಕೆಂದೇ ಹತ್ತನೇ ಮಹಡಿ ಹತ್ತಿದೆ.

ಅಗ್ಲಾಯಾ ಅತ್ತೆ ಮನೆಯೊಳಗೆ ಹಾಕುವ ಚಪ್ಪಲಿ ಕೊಟ್ಟು ಒಳಗೆ ಕರೆದರು. ಮನೆ ರೊಟ್ಟಿಯ ಒಲೆಯಂತಿತ್ತು. ಕಿಟಕಿಗಳೆಲ್ಲ ಬಂದ್. ಬಾಗಿಲ ಬುಡಕ್ಕೆ ಸುತ್ತಿದ ಟವಲು. ಎದುರುಬದುರು ಗಾಳಿ ಹಾಯಬಾರದಂತೆ, ಅವರ ಯಜಮಾನರು ಹೋದದ್ದೇ ಹಾಗೆ ಹಾಯ್ದ ಗಾಳಿ ಕುತ್ತಿಗೆಗೆ ತಗುಲಿ. ಇದೇನೂ ಹೊಸದಲ್ಲ, ನಮ್ಮಜ್ಜಿಯೂ ಬಸ್ಸಿನ ಕಿಟಕಿ ತೆರೆದವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು.

ಮೋಡೆಮ್ ಎಲ್ಲಿ ಅಂದೆ. ಟಿವಿ ಕಡೆ ತೋರಿಸಿದರು. ಟಿವಿಯ ಮೇಲೆ ಗಾಜಿನ ಮೀನು, ಮೀನಿನ ಕೆಳಗೆ ಕ್ರೋಶಾ ಹೆಣಿಗೆಯ ಬಟ್ಟೆ, ಅದರ ಕೆಳಗೆ ಉಣ್ಣೆಯ ಒಂದು ಗಂಟು. ಮಗುವಿನ ಟೋಪಿಯ ಹಾಗೆ ಹೆಣೆದು, ತಂತಿಗಳು ಹೊರಬರಲು ತೂತು ಬಿಟ್ಟಿದ್ದರು. ಉಣ್ಣೆ ಒಳಗಿನಿಂದ ಕಂದುಬಣ್ಣಕ್ಕೆ ತಿರುಗಿತ್ತು. ಬಿಚ್ಚಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಒಳಗಿದ್ದ ಮೋಡೆಮಿನ ಒಂದು ಮೂಲೆ ಮೇಣದಂತೆ ಕುಗ್ಗಿತ್ತು. ಮುಟ್ಟಿದ ಬೆರಳು ಚುರ್ ಅಂದಿತು.

"ಸಂಜೆ ಹೊತ್ತು ನದಿ ಕಡೆಯಿಂದ ತಂಪು ಬರುತ್ತಲ್ಲ ಮಗಳೇ, ಆಗ ಹೊದಿಸ್ತೀನಿ" ಅಂದರು ಅತ್ತೆ. "ನಿನ್ನೆ ಮೈ ಸರಿ ಇರ್ಲಿಲ್ಲ, ಇವತ್ತು ಬೆಳಿಗ್ಗೆ ತೆಗೆಯೋದು ಮರೆತೆ. ಮೊದಲು ದೋರು ವಾರಕ್ಕೊಮ್ಮೆ ಬಂದು ಬಟ್ಟೆ ಎತ್ತಿ ನಂಗೆ ಬೈದು ಹೋಗೋನು. ಅತ್ತೆ, ಇದು ನೆಗಡಿ ಆಗೋ ಪ್ರಾಣಿ ಅಲ್ಲ, ಸೆಖೆಗೆ ಸಾಯೋ ಪ್ರಾಣಿ ಅನ್ನೋನು. ಅವನು ಬೈದ ಹೆದರಿಕೆಗೆ ಒಂದಷ್ಟು ದಿನ ಸುಮ್ನಿರ್ತಿದ್ದೆ. ಆಮೇಲೆ ಯಾರೂ ಬರ್ಲೇ ಇಲ್ಲ."

ಪ್ಲಗ್ ಕಿತ್ತು, ಕಿಟಕಿ ತೆರೆದು, ಮೋಡೆಮನ್ನು ಬಚ್ಚಲಿನ ತಣ್ಣನೆ ನೆಲದ ಮೇಲೆ ಇಟ್ಟೆ. ಅತ್ತೆ ಕುತ್ತಿಗೆಗೆ ಶಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತರು. ಆರಿದ ಮೇಲೆ ಮತ್ತೆ ಜೋಡಿಸಿದೆ. ದೀಪಗಳು ಒಂದೊಂದಾಗಿ ಹೊತ್ತಿದವು. ವೇಗ ಅಳೆದೆ. ಪೂರ್ತಿ ಇತ್ತು.

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ಆ ಹುಡುಗನ ಕಣ್ಣು..." ಅಂದರು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅತ್ತೆ. ನೀವು ಇದನ್ನ ಯಾರಿಗೂ ಹೇಳೋದು ಬೇಡ. ಆ ಉಣ್ಣೆ ಸುಟ್ಟುಬಿಡಿ."

"ಇಟಲಿಯಿಂದ ಮಗಳು ಕಳಿಸಿದ ಉಣ್ಣೆ ಕಣೇ ಅದು" ಅಂದರು.

ಇಳಿದು ಬರುವಾಗ ಯೋಚಿಸಿದೆ. ನೆಲು ಲೀಕಾನ ಮೂಗು ಒಡೆದದ್ದು ಸುಳ್ಳೇ? ಬ್ಲೇಡುಗಳು ಸುಳ್ಳೇ? ದೋರು ಅವನೆದುರು ಕೂತದ್ದು ಸುಳ್ಳೇ? ಹೆಣಿಗೆಯ ತುಂಡೊಂದು ಹೋರಾಟಕ್ಕೆ ತೀರ್ಪು ಕೊಡಲಾರದು. ಬಿಸಿ ಒಂದು ತಾಂತ್ರಿಕ ವಿಷಯ, ಅಷ್ಟೆ.

ಆಗಸ್ಟ್ 3

ಸಂಜೆಯೂ ತಂತಿ ಬದುಕಿತ್ತು. ಮೆಟ್ಟಿಲ ಮೇಲೆ ಜನ ನನ್ನ ಕೈ ಕುಲುಕಿದರು. "ನೋಡಿದ್ರಾ, ಒಂದು ಏಟು ಸರಿಯಾಗಿ ಬಿದ್ರೆ ಎಲ್ಲಾ ರಿಪೇರಿ ಆಗುತ್ತೆ" ಅಂದ ಲೀಕಾ. ನಾನು ತಲೆಯಾಡಿಸಿದೆ. ಜನಕ್ಕೆ ಧೈರ್ಯ ಬೇಕಾಗಿರುವ ಹೊತ್ತು ಇದು.

ಆಗಸ್ಟ್ 10

ಮೋಡೆಮನ್ನು ನನ್ನ ಕೋಣೆಗೆ ತಂದಿದ್ದೇನೆ. ಕಿಟಕಿಯ ಪಕ್ಕ ಎರಡು ಹಲಗೆಗಳ ಮೇಲೆ, ಅಡಿಯಲ್ಲೂ ಗಾಳಿಯಾಡುವಂತೆ. ದಿನಾ ಒರೆಸುತ್ತೇನೆ. ಇದಕ್ಕೆ ಸಭೆ ಬೇಕಿರಲಿಲ್ಲ. ಸರದಿಯ ಪದ್ಧತಿಗೆ ಜನ ಇನ್ನೂ ಪಕ್ವವಾಗಿಲ್ಲ.

ಕೇಬಲ್ಲುಗಳನ್ನು ಹೊಸದಾಗಿ ಜೋಡಿಸುವಾಗ ಅಗ್ಲಾಯಾ ಅತ್ತೆಯದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಕತ್ತರಿಸಿಲ್ಲ, ಜೋಡಿಸಿಲ್ಲ ಅಷ್ಟೆ. ಅವರು ಅಂಗಡಿಯಲ್ಲಿ, ಚರ್ಚಿನ ಮುಂದೆ, ಕಂಡಕಂಡವರ ಹತ್ತಿರ ನಿಂತು ಮಾತಾಡುತ್ತಾರೆ. ಅಪ್ಪ ಕೇಳಿದರು, ಭಾನುವಾರ ಆಕೆ ಮಗಳ ಮುಖ ನೋಡೋದು ಹೇಗೆ ಅಂತ. ಫೋನ್ ಇದೆಯಲ್ಲ ಅಂದೆ. ಅಪ್ಪ ಈ ಸಲ ತಮಾಷೆ ಮಾಡಲಿಲ್ಲ. ನನ್ನನ್ನು ದಾಟಿ ಗೋಡೆಯನ್ನು ನೋಡುತ್ತ, "ನಮ್ಮ ಕಾಲದಲ್ಲಿ ಸರ್ಕಾರಕ್ಕೋಸ್ಕರ ಫೋನ್ ಕದ್ದು ಕೇಳೋ ಒಬ್ಬಳು ಇದ್ಲು. ಅವಳೂ ನಿನ್ನಷ್ಟೇ ಶಿಸ್ತು" ಅಂದು ಎದ್ದುಹೋದರು.

ಆಗಸ್ಟ್ 24

ದೋರು ಆಸ್ಪತ್ರೆಯಿಂದ ಬಂದ. ಲಿಫ್ಟ್ ಕೆಟ್ಟಿತ್ತು. ಗೋಡೆ ಹಿಡಿದುಕೊಂಡು ಹತ್ತುತ್ತಿದ್ದ. ಒಂದು ಕಣ್ಣಿನವನಿಗೆ ಮೆಟ್ಟಿಲಿನ ಅಂದಾಜು ಸಿಗುವುದಿಲ್ಲವಂತೆ. ನಾನು ಇಳಿಯುತ್ತಿದ್ದೆ, ಹಿಂದೆ ಲೀಕಾ. ದೋರು ದಾರಿ ಬಿಡದೆ ನಿಂತ.

"ಮೋಡೆಮ್ ನೋಡಿದ್ಯಾ?"

"ನೋಡ್ದೆ."

"ಬಿಸಿ ಇತ್ತಾ?"

ಬಾಗಿಲುಗಳು ತೆರೆದಿದ್ದವು. ಪ್ರತಿ ಮಹಡಿಯಲ್ಲೂ ಯಾರೋ ಒಬ್ಬರು ಹೊಸ್ತಿಲಲ್ಲಿ. ಅವನ ಉಳಿದ ಕಣ್ಣು ಕೋಪದಲ್ಲಿರಲಿಲ್ಲ. ಕೋಪ ಇದ್ದಿದ್ದರೆ ಸುಲಭವಾಗುತ್ತಿತ್ತು.

"ಇಲ್ಲ" ಅಂದೆ.

ಆಗ ಮೇಲಿನಿಂದ ಚಪ್ಪಲಿಯ ಸದ್ದು. ಹತ್ತನೇ ಮಹಡಿಯಿಂದ ಅಗ್ಲಾಯಾ ಅತ್ತೆ ಒಂದೊಂದೇ ಮೆಟ್ಟಿಲಾಗಿ ಇಳಿದು ಬಂದರು, ಕೈಯಲ್ಲಿ ಆ ಸುಟ್ಟ ಉಣ್ಣೆ. ನಾವೆಲ್ಲ ಕಾದೆವು. ಯಾಕೆ ಕಾದೆವೋ. ಲೀಕಾ ಕೈ ಚಾಚಿ ತಡೆಯಲು ಹೋದ. ಅವರು ಆ ಕೈಗೆ ಒಂದು ಪೆಟ್ಟು ಕೊಟ್ಟರು, ಬಿಸಿ ಪಾತ್ರೆ ಮುಟ್ಟಲು ಹೋದ ಮಗುವಿಗೆ ಕೊಡುವ ಹಾಗೆ. ಅವನು ಸರಿದ.

"ಇದು ನಾನು ಹೆಣೆದದ್ದು ಮಗಾ. ಮೋಡೆಮ್ ಸುಟ್ಟಿದ್ದು ಇದ್ರೊಳಗೆ. ನಾನು ದಡ್ಡಿ, ನಂಗೆ ಗೊತ್ತಿರ್ಲಿಲ್ಲ. ಇವಳಿಗೆ ಇಷ್ಟು ದಿನದಿಂದ ಗೊತ್ತಿದೆ."

ದೋರು ಉಣ್ಣೆಯನ್ನು ತಿರುಗಿಸಿ ನೋಡಿದ. ಕಪ್ಪಾದ ಕಡೆ ಹೆಬ್ಬೆರಳಿಂದ ತಿಕ್ಕಿದ. ಮಡಚಿ ಜೇಬಿಗೆ ಹಾಕಿಕೊಂಡ. ಅತ್ತೆ ಅವನ ತೋಳು ಹಿಡಿದರು, ಇಬ್ಬರೂ ನನ್ನ ಪಕ್ಕದಿಂದ ಮೇಲೆ ಹತ್ತಿಹೋದರು. ಬಾಗಿಲುಗಳು ಮುಚ್ಚಿದವು, ಕೆಳಗಿನಿಂದ ಮೇಲಿನ ತನಕ. ಲೀಕಾ ತನ್ನ ಅಂಗೈಯ ಗಾಯ ನೋಡಿಕೊಳ್ಳುತ್ತ ನಿಂತಿದ್ದವನು ಹೇಳದೆ ಕೇಳದೆ ಹೊರಟುಹೋದ.

ಆಗಸ್ಟ್ 31

ಜನರಲ್ಲಿ ಗೊಂದಲ ಹಬ್ಬಿಸಲಾಗಿದೆ. ಅದನ್ನು ನಿವಾರಿಸಲು ಸಭೆ ಕರೆದೆ. ಲಿಫ್ಟಿನಲ್ಲಿ ಹಾಳೆ ಅಂಟಿಸಿದ್ದೆ. ಮೆಟ್ಟಿಲ ಬುಡದಲ್ಲಿ ಕುರ್ಚಿಗಳನ್ನೂ ಹಾಕಿದ್ದೆ, ಅಪ್ಪನದು ಸೇರಿ.

ಯಾರೂ ಬರಲಿಲ್ಲ. ಎಲ್ಲರೂ ಮನೆಯಲ್ಲಿದ್ದರು, ಬಾಗಿಲ ಕೆಳಗೆ ಬೆಳಕು ಕಾಣುತ್ತಿತ್ತು. ವೇಗ ಚೆನ್ನಾಗಿರುವುದರಿಂದ ಏಳಲು ಮನಸ್ಸಾಗಿರಲಿಕ್ಕಿಲ್ಲ.

ಕೆಲಸ ನಿಲ್ಲಬಾರದು. ನಿರ್ಣಯ ಓದಿದೆ: ದೋರು ಹೊರಗೇ ಇರತಕ್ಕದ್ದು. ವಿರೋಧ ಇದ್ದವರು ಹೇಳಬಹುದು ಎಂದು ಕೇಳಿ, ನಿಯಮದಂತೆ ಕಾದೆ. ಮೇಲೆಲ್ಲೋ ಒಂದು ಚಿಲಕ ಹಾಕಿದ ಸದ್ದಾಯಿತು. ಪರವಾಗಿ ಇದ್ದವರು ಕೈಯೆತ್ತಿ ಅಂದೆ. ಎತ್ತಿದೆ.

ಸರ್ವಾನುಮತದಿಂದ ಅಂಗೀಕಾರ.